ವೇದಿಕೆಯೂ ಹಿಂಬಾಗಿಲೂ ಒಂದೇ ಚೌಕಟ್ಟಿನಲ್ಲಿ

ಪೇಪರಿನ ಮೊದಲ ಪುಟದಲ್ಲಿ ನಾಯಕರೊಬ್ಬರ ಭಾಷಣ ಬರುತ್ತದೆ. ಸರ್ಕಾರಿ ಆಸ್ಪತ್ರೆಯ ಮೇಲೆ ಜನ ನಂಬಿಕೆ ಇಡಬೇಕು ಅಂತ. ಎಂಟು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ಇನ್ನೊಂದು ಸುದ್ದಿ. ಅದೇ ನಾಯಕರು ಮಂಡಿನೋವಿಗೆ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆ ಸೇರಿದ್ದಾರೆ. ಬೇಗ ಗುಣವಾಗಲಿ ಎಂದು ಅಭಿಮಾನಿಗಳು ಮಾಡಿಸಿದ ಪೂಜೆಯ ಫೋಟೋ ಬೇರೆ. ಎರಡೂ ನಿಜ. ಎರಡನ್ನೂ ಓದಿದವರು ನಾವೇ. ಆದರೆ ಎರಡನೆಯದು ಬರುವಷ್ಟರಲ್ಲಿ ಮೊದಲನೆಯ ಪೇಪರಿನಲ್ಲಿ ಅಂಗಡಿಯವನು ಶೇಂಗಾ ಕಟ್ಟಿಕೊಟ್ಟಾಗಿರುತ್ತದೆ.

ಬೂಟಾಟಿಕೆ ಬದುಕುವುದು ಈ ಎಂಟು ದಿನದ ನಡುವೆ. ವ್ಯಂಗ್ಯಚಿತ್ರ ಬಿಡಿಸುವವರು ಹೊಸ ಗುಟ್ಟನ್ನೇನೂ ತರುವುದಿಲ್ಲ. ಆ ಎಂಟು ದಿನವನ್ನು ತೆಗೆದುಹಾಕುತ್ತಾರೆ, ಅಷ್ಟೇ. ಭಾಷಣ ಮಾಡುವ ಬಾಯಿ, ಬೆಂಗಳೂರಿಗೆ ಹೊರಟ ಕಾಲು, ಎರಡೂ ಒಂದೇ ಚೌಕಟ್ಟಿನೊಳಗೆ. ಆಮೇಲೆ ನೋಡಿದವರಿಗೆ "ನನಗೆ ಗೊತ್ತಿರಲಿಲ್ಲ" ಎನ್ನಲು ಬರುವುದಿಲ್ಲ.

ಆಸ್ಪತ್ರೆಯ ಉದಾಹರಣೆ ಸುಮ್ನೆ ಬಂದದ್ದಲ್ಲ. ನಮ್ಮ ಉತ್ತರ ಕನ್ನಡದಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಮೊದಲು ನೆನಪಾಗುವುದು ಅದೇ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಜೋರು ಪೆಟ್ಟು ಬಿದ್ದರೆ, ಹೃದಯಕ್ಕೆ ದೊಡ್ಡ ತೊಂದರೆ ಆದರೆ, ನಮ್ಮವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ಕಾರವಾರದಿಂದ ಮಂಗಳೂರು ಸುಮಾರು 270 ಕಿ.ಮೀ. 2019ರಲ್ಲಿ ಹುಡುಗರು ಮೊಬೈಲಿನಲ್ಲೇ ಆಸ್ಪತ್ರೆಗಾಗಿ ಚಳವಳಿ ಶುರು ಮಾಡಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಉರುಳಿತು. ಆ ವಿಡಿಯೋ ನೋಡದವರು ಕಡಿಮೆ. ಕೂಗು ಮತ್ತೆ ಎದ್ದಿತು. ಮತ್ತೆ ಭರವಸೆ, ಮತ್ತೆ ಹಾರ, ಮತ್ತೆ ಶಾಲು. ಇಲ್ಲಿ ಕಾರ್ಟೂನ್ ಬಿಡಿಸುವವರಿಗೆ ವಿಷಯದ ಬರ ಅಂತೂ ಬರುವುದಿಲ್ಲ.

ಎರಡು ಸಂಗತಿಯನ್ನು ಪಕ್ಕದಲ್ಲಿಟ್ಟು ತೋರಿಸುವ ಈ ಉಪಾಯ ಬಹಳ ಹಳೆಯದು. 1521ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿ ಲುಕಾಸ್ ಕ್ರಾನಾಖ್ ಎಂಬ ಕಲಾವಿದ ಮರದಚ್ಚಿನ ಚಿತ್ರಗಳ ಒಂದು ಚಿಕ್ಕ ಪುಸ್ತಕಕ್ಕೆ ಕೈಹಾಕಿದ. ಅದರಲ್ಲಿ 13 ಜೋಡಿ ಚಿತ್ರ. ಎಡಗಡೆ ಏಸು, ಬಲಗಡೆ ಪೋಪ್. ಎಡಗಡೆ ಏಸು ವ್ಯಾಪಾರಿಗಳನ್ನು ದೇವಾಲಯದಿಂದ ಹೊಡೆದೋಡಿಸುತ್ತಿದ್ದಾನೆ. ಬಲಗಡೆ ಪೋಪ್ ಕೂತು ಪಾಪಕ್ಷಮೆಯ ಪತ್ರ ಮಾರುತ್ತಿದ್ದಾನೆ. ಎಡಗಡೆ ತಲೆಯ ಮೇಲೆ ಮುಳ್ಳಿನ ಕಿರೀಟ, ಬಲಗಡೆ ಮೂರಂತಸ್ತಿನ ಬಂಗಾರದ ಕಿರೀಟ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಲಿನ ಜೋಡಿ. ಎಡಗಡೆ ಏಸು ಮಂಡಿಯೂರಿ ಶಿಷ್ಯನ ಕಾಲು ತೊಳೆಯುತ್ತಿದ್ದಾನೆ. ಬಲಗಡೆ ಪೋಪ್ ಎತ್ತರದ ಪೀಠದಲ್ಲಿ ಕೂತು ಕಾಲು ಮುಂದೆ ಚಾಚಿದ್ದಾನೆ, ದೊರೆಗಳು ಬಗ್ಗಿ ಅದಕ್ಕೆ ಮುತ್ತಿಡುತ್ತಿದ್ದಾರೆ. ಬೈಗುಳ ಬೇಕಾಗಿಲ್ಲ. ಓದಲು ಬಾರದ ರೈತನೂ ಎರಡು ಕಾಲನ್ನು ನೋಡಿದರೆ ಸಾಕು. ಅಂದಹಾಗೆ ಬಲಗಡೆಯ ಚಿತ್ರವನ್ನು ನಮ್ಮ ಕಡೆಯವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ ಗಮನಿಸಿ. ಇಲ್ಲಿ ಏಸುವನ್ನು ಗೇಲಿ ಮಾಡಿಲ್ಲ. ಏಸುವೇ ಅಳತೆಗೋಲು. ಅವನ ಹೆಸರಿನಲ್ಲಿ ಪೀಠದ ಮೇಲೆ ಕೂತವನು ಎಷ್ಟು ದೂರ ಸರಿದಿದ್ದಾನೆ ಎನ್ನುವುದಷ್ಟೇ ಚಿತ್ರದ ಪ್ರಶ್ನೆ. ಧರ್ಮಗುರುಗಳ ಮೇಲಿನ ಒಳ್ಳೆಯ ವ್ಯಂಗ್ಯವೆಲ್ಲ ಹೀಗೇ ಇದೆ ಅನ್ನಿಸುತ್ತದೆ ನನಗೆ. ಬಸವಣ್ಣ ಮಾಡಿದ್ದೂ ಇದನ್ನೇ ಅಲ್ವಾ? ಕಲ್ಲಿನ ನಾಗರಕ್ಕೆ ಹಾಲು, ನಿಜವಾದ ನಾಗರಕ್ಕೆ ದೊಣ್ಣೆ. ಉಣ್ಣದ ಲಿಂಗಕ್ಕೆ ನೈವೇದ್ಯ, ಹಸಿದು ಬಂದ ಜಂಗಮನಿಗೆ ಹೊರದಾರಿ. ಕ್ರಾನಾಖ್ ಹುಟ್ಟುವುದಕ್ಕಿಂತ ಮುನ್ನೂರು ವರ್ಷ ಮೊದಲೇ ನಮ್ಮಲ್ಲಿ ಜೋಡಿಚಿತ್ರ ಸಿದ್ಧವಾಗಿತ್ತು. ಬಿಡಿಸಲು ಮರದಚ್ಚು ಇರಲಿಲ್ಲ, ಮಾತಿನಲ್ಲೇ ಬಿಡಿಸಿದರು.

ರಾಜಕಾರಣಿಗಳ ಕಡೆ ಬಂದರೆ ಎಲ್ಲರೂ ಹೇಳುವ ಕಥೆ ನ್ಯೂಯಾರ್ಕಿನ ಟ್ವೀಡ್‌ನದು. ಊರಿನ ಖಜಾನೆ ನುಂಗಿದ ಧಣಿ. 1871ರಲ್ಲಿ ಕಾರ್ಟೂನಿಸ್ಟ್ ಥಾಮಸ್ ನಾಸ್ಟ್ ವಾರವಾರವೂ ಅವನ ಹೊಟ್ಟೆ ಬಿಡಿಸಿದ. "ಪತ್ರಿಕೆಯಲ್ಲಿ ಏನು ಬೇಕಾದರೂ ಬರೆಯಲಿ, ನನ್ನ ಮತದಾರರಿಗೆ ಓದಲು ಬರುವುದಿಲ್ಲ, ಈ ಹಾಳು ಚಿತ್ರ ನಿಲ್ಲಿಸಿ" ಎಂದು ಟ್ವೀಡ್ ಗೋಳಾಡಿದನಂತೆ. ಮುಂದೆ ಜೈಲಿನಿಂದ ತಪ್ಪಿಸಿಕೊಂಡು ಸ್ಪೇನಿಗೆ ಓಡಿದಾಗ ಅಲ್ಲಿನವರು ಅವನ ಗುರುತು ಹಿಡಿದದ್ದು ನಾಸ್ಟ್‌ನ ಕಾರ್ಟೂನಿನಿಂದಲೇ. ಚೆನ್ನಾಗಿದೆ ಕಥೆ. ಆದರೆ ಟ್ವೀಡ್ ಬರೀ ಕಳ್ಳ. ಕಳ್ಳನನ್ನು ಬಿಡಿಸುವುದು ಸುಲಭ. ಕಷ್ಟ ಇರುವುದು ನಿತ್ಯ ಸ್ನಾನ ಮಾಡಿ, ಕುಂಕುಮ ಇಟ್ಟು, ನೀತಿಯ ಮಾತಾಡಿ ಬರುವವರನ್ನು ಬಿಡಿಸುವಾಗ. ಅದರಲ್ಲೂ ಅವರ ಪಕ್ಕದಲ್ಲಿ ಒಬ್ಬರು ಗುರುಗಳು ಕೂತಿರುವಾಗ.

ನಮ್ಮ ರಾಜ್ಯದಲ್ಲಿ ಈ ಇಬ್ಬರನ್ನು ಬೇರೆ ಬೇರೆ ಬಿಡಿಸಿದರೆ ಅರ್ಧ ಚಿತ್ರವೇ ಆಗುತ್ತದೆ. ನಾಮಪತ್ರ ಸಲ್ಲಿಸುವ ಮೊದಲು ಮಠಕ್ಕೆ ಹೋಗಿ ಮಂತ್ರಾಕ್ಷತೆ ಪಡೆಯದ ಅಭ್ಯರ್ಥಿ ಅಪರೂಪ. ಗೆದ್ದ ಮೇಲೆ ಬಜೆಟ್ಟಿನಲ್ಲಿ ಮಠಗಳಿಗೆ ಅನುದಾನ ಕೊಟ್ಟ ಸರ್ಕಾರಗಳನ್ನೂ ನೋಡಿದ್ದೇವೆ. ಮಂತ್ರಿಗಿರಿ ಹಂಚುವ ಹೊತ್ತಿಗೆ "ನಮ್ಮ ಸಮಾಜದವರಿಗೆ ಅನ್ಯಾಯವಾಗಿದೆ" ಎಂದು ಸ್ವಾಮೀಜಿಗಳೇ ಮೈಕ್ ಹಿಡಿದದ್ದನ್ನೂ ಕೇಳಿದ್ದೇವೆ. ಒಬ್ಬರಿಗೆ ಪುಣ್ಯದ ಕೊರತೆ, ಇನ್ನೊಬ್ಬರಿಗೆ ಅಧಿಕಾರದ ಕೊರತೆ. ಕೊಡುಕೊಳ್ಳುವಿಕೆ ಸಲೀಸಾಗಿ ನಡೆಯುತ್ತದೆ. ಪರಿಸರಕ್ಕಾಗಿ, ಕಾಡಿಗಾಗಿ ಜನರ ಜೊತೆ ರಸ್ತೆಗಿಳಿದ ಸ್ವಾಮಿಗಳೂ ನಮ್ಮ ಘಟ್ಟದ ಮೇಲಿದ್ದಾರೆ. ಅದನ್ನು ಮರೆತು ಎಲ್ಲ ಕಾವಿಗೂ ಒಂದೇ ಮೂಗು ಬಿಡಿಸಿದರೆ ಅದು ಸೋಮಾರಿ ಕಾರ್ಟೂನು.

ಈಗ ಒಂದು ಕಾರ್ಟೂನಿನ ಬಗ್ಗೆ ಹೇಳಬೇಕು. ಕುಮಟಾದಲ್ಲಿ ನಾನು ಹೋಗುವ ಕಟಿಂಗ್ ಅಂಗಡಿಯಲ್ಲಿ, ಕನ್ನಡಿಯ ಪಕ್ಕ, ಕ್ಯಾಲೆಂಡರಿನ ಗಣಪತಿಯ ಕೆಳಗೆ ಅಂಟಿಸಿದ್ದರು. ಯಾವುದೋ ಸ್ಥಳೀಯ ಪತ್ರಿಕೆಯಿಂದ ಕತ್ತರಿಸಿದ್ದು. ಬಿಡಿಸಿದವರ ಸಹಿಯ ಮೇಲೆಯೇ ಕತ್ತರಿ ಹೋಗಿದೆ. ಅಂಚು ಹಳದಿಯಾಗಿದೆ, ಒಂದು ಮೂಲೆಯಲ್ಲಿ ಶೇವಿಂಗ್ ಕ್ರೀಮಿನ ಕಲೆ.

ಚಿತ್ರದಲ್ಲಿ ಒಂದು ವೇದಿಕೆ. ಹಿಂದೆ "ಉಚಿತ ಆರೋಗ್ಯ ತಪಾಸಣಾ ಶಿಬಿರ" ಎಂಬ ಫ್ಲೆಕ್ಸು. ಅದರ ಮುಕ್ಕಾಲು ಭಾಗ ನಾಯಕರ ಮುಖ, ಉಳಿದ ಕಾಲು ಭಾಗದಲ್ಲಿ ಸ್ಟೆತೊಸ್ಕೋಪು. ನಾಯಕರು ಸ್ವಾಮಿಗಳ ಮುಂದೆ ಬಗ್ಗಿದ್ದಾರೆ. ಸ್ವಾಮಿಗಳ ಬಲಗೈ ನಾಯಕರ ತಲೆಯ ಮೇಲೆ, ಅಕ್ಷತೆ ಉದುರುತ್ತಿದೆ. ಎಡಗೈ ಮಾತ್ರ ಒಂದು ಮಡಚಿದ ಕಾಗದವನ್ನು ನಾಯಕರ ಜುಬ್ಬದ ಕಿಸೆಗೆ ತೂರಿಸುತ್ತಿದೆ. ಫೋಟೋಗ್ರಾಫರುಗಳೆಲ್ಲ ಬಲಗೈ ಕಡೆ ನಿಂತಿದ್ದಾರೆ. ಎಡಗೈ ಕಡೆ ಇರುವುದು ಒಬ್ಬ ಅಜ್ಜಿ ಮಾತ್ರ. ಕೈಯಲ್ಲಿ ಔಷಧಿ ಚೀಟಿ, ಕಂಕುಳಲ್ಲಿ ಬಟ್ಟೆಯ ಚೀಲ. ಅಜ್ಜಿಯ ಕಣ್ಣು ಕಿಸೆಯ ಮೇಲಿದೆ. ಮಾತಿಲ್ಲ, ಅಡಿಬರಹವಿಲ್ಲ.

ಮೊದಲ ಸಲ ನೋಡಿದಾಗ ನನಗೆ ಎಡಗೈ ಕಂಡೇ ಇರಲಿಲ್ಲ. ಪೇಪರಿನ ಫೋಟೋ ನೋಡಿ ನೋಡಿ ಕಣ್ಣು ಅಕ್ಷತೆಯ ಕಡೆಗೇ ಹೋಗುತ್ತದೆ. ಅಜ್ಜಿ ಎಲ್ಲಿ ನೋಡುತ್ತಿದ್ದಾಳೆ ಎಂದು ಹುಡುಕಿದ ಮೇಲೆಯೇ ಕಾಗದ ಸಿಕ್ಕಿತು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೂ ಇದನ್ನೇ ಮಾಡುತ್ತಿದ್ದ. 1951ರಿಂದ ದಶಕಗಳ ಕಾಲ ಚೌಕಳಿ ಕೋಟು ಹಾಕಿಕೊಂಡು ಮೂಲೆಯಲ್ಲಿ ನಿಂತ, ಒಂದು ಮಾತೂ ಆಡಲಿಲ್ಲ. ದೊಡ್ಡವರು ಏನು ಹೇಳಿದರೂ ಅವನು ನೋಡುತ್ತಿದ್ದ ಕಡೆಗೆ ನಮ್ಮ ಕಣ್ಣು ಹೋಗುತ್ತಿತ್ತು. ಆ ಲಕ್ಷ್ಮಣರೂ ಶುರುವಿನ ದಿನಗಳಲ್ಲಿ ಕನ್ನಡದ 'ಕೊರವಂಜಿ'ಗೆ ಬಿಡಿಸಿದವರು. 1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಹುಟ್ಟುಹಾಕಿದ ನಗೆಪತ್ರಿಕೆ ಅದು. 1967ಕ್ಕೆ ನಿಂತಿತು.

ಅಂಗಡಿಯಲ್ಲಿ ನಾನು ಕಾಯುತ್ತ ಕೂತ ಒಂದು ಭಾನುವಾರ ನಡೆದದ್ದು ಇದು. ಕುರ್ಚಿಯಲ್ಲಿದ್ದವರು ಒಂದು ಪಕ್ಷದ ಪಟ್ಟಣ ಮಟ್ಟದ ಕಾರ್ಯಕರ್ತರು. ಕಾರ್ಟೂನ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಮಾ ಮಾಡಿದ್ದಾನೆ ಮಾರಾಯ. ಆ ಮೂಗು ನೋಡಿದ್ರೆ ಗೊತ್ತಾಗೂದಿಲ್ವಾ ಯಾರು ಅಂತ? ಕಿಸೆಗೆ ಹಾಕೂದು ಜಾಗದ ಕಾಗದ." ಅವರು ಹೇಳಿದ ಹೆಸರು ಎದುರು ಪಕ್ಷದ್ದು. ಅವರು ಎದ್ದು ಹೋದ ಮೇಲೆ ಕೂತವರು ಆ ಎದುರು ಪಕ್ಷದವರೇ. ಅವರೂ ನಕ್ಕರು. ಅದೇ ಮೂಗು, ಬೇರೆ ಹೆಸರು. ಕಾಗದ ಮಾತ್ರ ಅವರ ಪ್ರಕಾರ ಅನುದಾನದ ಅರ್ಜಿ. ಸ್ವಾಮಿಗಳು ಯಾರು ಎನ್ನುವುದರಲ್ಲೂ ಇಬ್ಬರದೂ ಒಂದೇ ನಿಯಮ: ತಮ್ಮ ಮಠದವರಲ್ಲ.

ನಾನು ಅಂಗಡಿಯವರನ್ನು ಕೇಳಿದೆ, "ನಿಮ್ಮ ಪ್ರಕಾರ ಯಾರು?" ಕತ್ತರಿ ನಿಲ್ಲಿಸದೆ ಹೇಳಿದರು, "ನಂಗೆ ಇಬ್ರೂ ಗಿರಾಕಿಗಳೇ ಭಟ್ರೇ."

ಬಿಡಿಸಿದವರು ಜಾಣರು. ಮೂಗು ಯಾರದೂ ಅಲ್ಲ. ನಮ್ಮ ಬೂಟಾಟಿಕೆಯನ್ನೂ ಸೇರಿಸಿಯೇ ಚಿತ್ರ ಪೂರ್ತಿಯಾಗುವಂತೆ ಮಾಡಿದ್ದಾರೆ. ಹೆಸರು ಹಾಕಿದ ಕಾರ್ಟೂನಿಗೆ ಏಟು ಜಾಸ್ತಿ, ನಿಜ. ಆದರೆ ಅದನ್ನು ನೋಡಿ ಆ ನಾಯಕನ ವಿರೋಧಿಗಳು ಮಾತ್ರ ನಗುತ್ತಾರೆ, ನಗಬೇಕಾದವರು ಮುಖ ತಿರುಗಿಸುತ್ತಾರೆ.

ದೊಡ್ಡವರನ್ನು ಅವರ ಎದುರಿಗೇ ನಗೆಗೀಡು ಮಾಡುವುದು ನಮ್ಮ ಕರಾವಳಿಗೆ ಹೊಸದಲ್ಲ. ಯಕ್ಷಗಾನದಲ್ಲಿ ಒಡ್ಡೋಲಗ ಮುಗಿದು ರಾಜ ಧರ್ಮದ ಮಾತಾಡುತ್ತಿರುವಾಗ ಹಾಸ್ಯಗಾರ ದೂತನಾಗಿ ಬರುತ್ತಾನೆ. "ಪ್ರಜೆಗಳೆಲ್ಲ ಸುಖವೇ?" ಎಂದು ರಾಜ ಕೇಳಿದರೆ ಸಾಕು, ಹಾಸ್ಯಗಾರ ಊರಿನ ರಸ್ತೆಯ ಹೊಂಡವನ್ನು ಮಹಾಭಾರತದೊಳಗೆ ತಂದುಬಿಡುತ್ತಾನೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತ ಗಣ್ಯರೂ ನಗಲೇಬೇಕು. ಅಂಕೋಲಾ, ಕಾರವಾರದ ಕಡೆ ಹೋಳಿಯ ಸುಗ್ಗಿಯಲ್ಲಿ ಹಗರಣ ಎನ್ನುವ ಅಣಕು ವೇಷಗಳು ಹೊರಡುತ್ತವೆ. ಸಾಹೇಬ, ಪೊಲೀಸ, ಡಾಕ್ಟರ, ಯಾರನ್ನೂ ಬಿಡುವುದಿಲ್ಲ. ಅಂಕೋಲೆಯ ದಿನಕರ ದೇಸಾಯರು ನಾಲ್ಕು ಸಾಲಿನ ಚುಟುಕದಲ್ಲಿ ಮಂತ್ರಿಯನ್ನೂ ಭಕ್ತನನ್ನೂ ಕೂರಿಸಿಬಿಡುತ್ತಿದ್ದರು. ವಿಶೇಷ ಏನೆಂದರೆ ಅವರೂ 1967ರಲ್ಲಿ ನಮ್ಮ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದ ಸಂಸದರು. ಕುರ್ಚಿಯಲ್ಲಿ ಕೂತು ಕುರ್ಚಿಯನ್ನು ಗೇಲಿ ಮಾಡಿದವರು ಆಮೇಲೆ ಜಾಸ್ತಿ ಸಿಕ್ಕಿಲ್ಲ.

ಆದರೆ ಆಟದ ನಗೆ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಹಗರಣದ ಬಣ್ಣ ಸ್ನಾನ ಮಾಡಿದರೆ ಹೋಗುತ್ತದೆ. ಅಚ್ಚಾದ ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ, ನಾಳೆ ಬೆಳಗ್ಗೆಯೂ ಕಾಣುತ್ತದೆ. ಅದಕ್ಕೇ ಇರಬೇಕು, ಹಾಸ್ಯಗಾರನಿಗೆ ಚಪ್ಪಾಳೆ, ಕಾರ್ಟೂನಿಸ್ಟರಿಗೆ ಕೇಸು.

ಕೇಸುಗಳ ಕಥೆ ಉದ್ದ ಇದೆ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಬಡವರ ದುಡ್ಡನ್ನು ಬುಟ್ಟಿಗಟ್ಟಲೆ ನುಂಗುವಂತೆ 1831ರಲ್ಲಿ ಬಿಡಿಸಿದ ದೋಮಿಯೆಗೆ ಆರು ತಿಂಗಳ ಜೈಲು. ನಮ್ಮಲ್ಲಿ 1987ರಲ್ಲಿ 'ಆನಂದ ವಿಕಟನ್' ಪತ್ರಿಕೆಯ ಮುಖಪುಟದಲ್ಲಿ ಒಂದು ಜೋಕು ಬಂತು. ವೇದಿಕೆಯಲ್ಲಿರುವ ಇಬ್ಬರಲ್ಲಿ ಶಾಸಕ ಯಾರು, ಮಂತ್ರಿ ಯಾರು? ಜೇಬುಗಳ್ಳನ ಹಾಗಿರುವವನು ಶಾಸಕ, ಮುಖವಾಡದ ದರೋಡೆಕೋರನ ಹಾಗಿರುವವನು ಮಂತ್ರಿ. ತಮಿಳುನಾಡು ವಿಧಾನಸಭೆ ಸಂಪಾದಕ ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಜೈಲು ಎಂದು ಠರಾವು ಮಾಡಿತು. ಗಲಾಟೆ ಎದ್ದ ಮೇಲೆ ಕೆಲವೇ ದಿನದಲ್ಲಿ ಬಿಟ್ಟರು. ಅವರು ಕೋರ್ಟಿಗೆ ಹೋಗಿ ಗೆದ್ದು ಒಂದು ಸಾವಿರ ರೂಪಾಯಿ ಪರಿಹಾರ ಪಡೆದರು. ಆ ಜೋಕಿನಲ್ಲಿ ಯಾರ ಹೆಸರೂ ಇರಲಿಲ್ಲ ನೋಡಿ! ಇಡೀ ಸಭೆಯೇ "ಇದು ನಾವೇ" ಎಂದು ಎದ್ದು ನಿಂತು ಒಪ್ಪಿಕೊಂಡ ಹಾಗಾಯಿತು.

ಕೋಲ್ಕತ್ತದ ಪ್ರೊಫೆಸರ್ ಅಂಬಿಕೇಶ ಮಹಾಪಾತ್ರ ಕಾರ್ಟೂನ್ ಬಿಡಿಸಿದವರೂ ಅಲ್ಲ. ಮುಖ್ಯಮಂತ್ರಿಯ ಮೇಲಿನ ಒಂದು ವ್ಯಂಗ್ಯಚಿತ್ರವನ್ನು 2012ರಲ್ಲಿ ಮೇಲ್ ಮಾಡಿದರು. ಬಂಧನವಾಯಿತು. ಕೇಸಿನಿಂದ ಪೂರ್ತಿ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. ಒಂದು ಫಾರ್ವರ್ಡಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಕೋರ್ಟು. ನಮ್ಮ ಪಕ್ಕದ ಕುಂದಾಪುರದಲ್ಲಿದ್ದುಕೊಂಡೇ ದೇಶಕ್ಕೆ ಕಾರ್ಟೂನ್ ಬಿಡಿಸುವ ಸತೀಶ್ ಆಚಾರ್ಯರ ಒಂದು ಚಿತ್ರವನ್ನು 2018ರಲ್ಲಿ ದಿಲ್ಲಿಯ ಪತ್ರಿಕೆ ಹಾಕಲು ಒಪ್ಪಲಿಲ್ಲ, ಆಮೇಲೆ ಅವರ ಕಾರ್ಟೂನ್ ಜಾಗವೇ ನಿಂತಿತು.

ಧರ್ಮದ ವಿಷಯಕ್ಕೆ ಬಂದರೆ ಕಾನೂನಿನ ಭಯ ಬೇರೆಯೇ. 1927ರಲ್ಲಿ ಬ್ರಿಟಿಷರು ಭಾರತೀಯ ದಂಡ ಸಂಹಿತೆಗೆ ಸೇರಿಸಿದ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿದೆ. ಬೇಕೆಂದೇ, ದುರುದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆ ಕೆರಳಿಸಿದರೆ ಮೂರು ವರ್ಷದವರೆಗೆ ಜೈಲು. ಅದರಲ್ಲಿ "ಬೇಕೆಂದೇ, ದುರುದ್ದೇಶದಿಂದ" ಎನ್ನುವ ಮಾತಿದೆ. ಆದರೆ ದೂರು ಕೊಡಲು ಬರುವವರು ಅಷ್ಟು ಸೂಕ್ಷ್ಮ ನೋಡುವುದಿಲ್ಲ. ಸ್ವಾಮಿಯೊಬ್ಬರ ಎಡಗೈ ಬಿಡಿಸಿದರೆ ದೇವರನ್ನೇ ಬಿಡಿಸಿದ ಹಾಗೆ ಗದ್ದಲ. ಗುರುಗಳಿಗೆ ಇದರಿಂದ ಬಹಳ ಅನುಕೂಲ. ತನ್ನ ಮೇಲಿನ ಪ್ರಶ್ನೆಯನ್ನು ದೇವರ ಕಡೆ ತಳ್ಳಿ ಆರಾಮಾಗಿ ಕೂರಬಹುದು. ಸಣ್ಣ ಪತ್ರಿಕೆಯ ಸಂಪಾದಕರು ಕಾವಿ ಬಣ್ಣ ಕಂಡರೆ "ಇದು ಬೇಡ, ಬೇರೆ ಏನಾದ್ರೂ ಕೊಡಿ" ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಅವರಿಗೂ ಜಾಹೀರಾತು ಬೇಕು, ಜಾತ್ರೆಯ ಶುಭಾಶಯದ ಪುಟ ತುಂಬಬೇಕು.

ಹಾಗಂತ ಕಾರ್ಟೂನಿಸ್ಟರೆಲ್ಲ ಸತ್ಯಹರಿಶ್ಚಂದ್ರರೇನಲ್ಲ. ನೆಹರೂ ಅವರಿಂದಲೇ "ನನ್ನನ್ನೂ ಬಿಡಬೇಡ" ಎನ್ನಿಸಿಕೊಂಡ ಶಂಕರ್ ದೊಡ್ಡ ಕಲಾವಿದರು. ಅವರೇ 1949ರಲ್ಲಿ ಒಂದು ಚಿತ್ರ ಬಿಡಿಸಿದರು. ಸಂವಿಧಾನವೆಂಬ ಬಸವನಹುಳದ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ಅದು ಶಾಲೆಯ ಪಠ್ಯಪುಸ್ತಕದಲ್ಲಿದ್ದದ್ದಕ್ಕೆ 2012ರಲ್ಲಿ ಸಂಸತ್ತಿನಲ್ಲಿ ದೊಡ್ಡ ಗದ್ದಲವಾಯಿತು, ತೆಗೆದರು. ತೆಗೆದದ್ದು ಸರಿ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಚಾಟಿಯನ್ನು ನೋಡಿ ನನಗೆ ಏನೂ ಆಗದೆ, ಇನ್ನೊಬ್ಬರಿಗೆ ಮೈ ಉರಿದದ್ದು ಯಾಕೆ ಎಂದು ಯೋಚಿಸಿದ್ದೇನೆ. ಚಾಟಿ ಏಟು ತಿಂದವರ ಮನೆಯಲ್ಲಿ ನಾನು ಹುಟ್ಟಿಲ್ಲ. ಪೆನ್ನು ಹಿಡಿದವರು ಯಾವ ಜಗುಲಿಯಲ್ಲಿ ಕೂತಿದ್ದಾರೆ ಎನ್ನುವುದೂ ಚಿತ್ರದೊಳಗೆ ಬಂದಿರುತ್ತದೆ.

ಈಗಿನ ಇನ್ನೊಂದು ಕಾಟ ಪಕ್ಷಗಳೇ ಬಿಡಿಸಿ ಹಂಚುವ ಕಾರ್ಟೂನು. ದಿನಾ ಬೆಳಗ್ಗೆ ಚಹಾಕ್ಕೆ ಮೊದಲೇ ಮೊಬೈಲಿಗೆ ಬಂದು ಬೀಳುತ್ತವೆ. ಎದುರಾಳಿಗೆ ಕೋರೆಹಲ್ಲು, ತಮ್ಮವರ ತಲೆಯ ಹಿಂದೆ ಪ್ರಭಾವಳಿ. ಅದರಲ್ಲಿ ಎಡಗೈಯೂ ಇಲ್ಲ, ಅಜ್ಜಿಯೂ ಇಲ್ಲ.

ಕಟಿಂಗ್ ಅಂಗಡಿಯ ಚಿತ್ರದ ಫೋಟೋ ತೆಗೆದು ನಮ್ಮ ಕುಟುಂಬದ ಗ್ರೂಪಿಗೆ ಹಾಕಿದೆ. ಶಿರಸಿ ಕಡೆಯ ನೆಂಟರೆಲ್ಲ ಇರುವ ಗ್ರೂಪು. ಪಾರ್ಟಿ ಕಾರ್ಟೂನು, ಸ್ವಾಮಿಗಳ ಪ್ರವಚನ, ಅಡಿಕೆ ದರ, ಮೂರೂ ಅಲ್ಲಿ ನಿತ್ಯ ಬರುತ್ತವೆ. ಹಾಕಿದ ಮೇಲೆ ಮಧ್ಯಾಹ್ನದವರೆಗೂ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಕೊನೆಗೆ ದೊಡ್ಡಪ್ಪ ಬರೆದರು, "ತಮಾ, ಇದೆಲ್ಲ ಗ್ರೂಪಿಗೆ ಹಾಕಡ." ಹಿಂದಿನ ವಾರ ಇನ್ನೊಂದು ಸಮಾಜದ ಸ್ವಾಮಿಗಳ ಮೇಲಿನ ಜೋಕು ಹಾಕಿ ಮೂರು ನಗುಮುಖ ಅಂಟಿಸಿದ್ದವರು ಇದೇ ದೊಡ್ಡಪ್ಪ.

ರಾತ್ರಿ ಊಟ ಮಾಡುವಾಗ ಅವರದ್ದೇ ಫೋನು ಬಂತು. ಕೊಳೆರೋಗ, ಔಷಧಿ ಹೊಡೆಯುವವರು ಸಿಗದ ತಾಪತ್ರಯ, ಎಲ್ಲ ಹೇಳಿದ ಮೇಲೆ ದನಿ ತಗ್ಗಿಸಿದರು.

"ತಮಾ, ಆ ಕಿಸೆಲಿದ್ದ ಕಾಗದದಲ್ಲಿ ಎಂತ ಬರದ್ದ? ದೊಡ್ಡ ಮಾಡಿದ್ರೆ ಮಸುಕಾಗ್ತು."

"ಎಂತದೂ ಬರೆದಿಲ್ಲ ದೊಡ್ಡಪ್ಪ. ಸುಮ್ನೆ ಮೂರು ಗೀಟು ಎಳೆದಿದ್ದಾರೆ, ಅಷ್ಟೇ."

"ಹಾಂ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ವರ್ಗಾವಣೆದೇ ಇಕ್ಕು ಅದು."